ವೈದ್ಯರು ದೊರೆಯುವ ತನಕ
ಗ್ರಾಮಸ್ಥರಿಗೆ ಪ್ರಥಮ ಚಿಕಿತ್ಸೆಯ ಪಾಠ

ಬೇಡಕಿಹಾಳದ ಸುತ್ತಲಿನ ನೆಲವು ಕಬ್ಬು ಮತ್ತು ತಂಬಾಕಿನ ನೆಲ. ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗಗಳ ಬಾಳಿಗೆ ಆಧಾರವಾಗಿವೆ. ಆದರೆ ಬೆಳೆ ಇದ್ದಲ್ಲಿ ದುಡಿಮೆ ಇರುತ್ತದೆ. ದುಡಿಮೆ ಇದ್ದಲ್ಲಿ ಅಪಾಯವೂ ಇರುತ್ತದೆ. ಕಬ್ಬಿನ ರವದಿಯೊಳಗೆ ಹಾವು, ಬೆಲ್ಲದ ಗಾಣದಲ್ಲಿ ಕುದಿಯುವ ಹಾಲು, ಹೊಲದಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ತು, ರಸ್ತೆಯ ಮೇಲೆ ಹೇರು ಮೀರಿದ ಟ್ರ್ಯಾಕ್ಟರು, ಮಳೆಗಾಲದಲ್ಲಿ ತುಂಬಿದ ಹೊಳೆ, ಇವೆಲ್ಲವೂ ನಿಮಗೆ ಪರಿಚಿತವಾದವುಗಳೇ.

ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೆಚ್ಚಿದಾಗ ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಅಕ್ಕೋಳ-ಸಿದ್ನಾಳ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗಿ ಸಂಚಾರ ನಿಂತುಹೋದುದನ್ನು ನೀವು ಕಂಡಿದ್ದೀರಿ. 2019ರ ಆಗಸ್ಟ್ ತಿಂಗಳಿನಲ್ಲಿಯೂ 2021ರ ಜುಲೈ ತಿಂಗಳಿನಲ್ಲಿಯೂ ಬಂದ ಮಹಾಪೂರಗಳನ್ನು ಈ ಭಾಗದ ಜನರು ಮರೆತಿಲ್ಲ. ಅಂಥ ದಿನಗಳಲ್ಲಿ ಸಮೀಪದ ಆಸ್ಪತ್ರೆಯೂ ದೂರವಾಗುತ್ತದೆ. ಸೇತುವೆ ಮುಳುಗದ ದಿನದಲ್ಲಿಯೂ ವಾಹನವು ಬಂದು ತಲುಪಲು ಸಮಯ ಬೇಕೇ ಬೇಕು. ಆ ಸಮಯದಲ್ಲಿ ರೋಗಿಯ ಬಳಿ ಇರುವವರು ಯಾರು? ಪಕ್ಕದ ಹೊಲದ ರೈತ, ನೆರೆಮನೆಯ ತಾಯಿ, ದಾರಿಹೋಕ, ಶಾಲೆಯ ಬಾಲಕ. ಪ್ರಥಮ ಚಿಕಿತ್ಸೆಯು ಇವರು ಕಲಿಯಬೇಕಾದ ವಿದ್ಯೆ.

ಪ್ರಥಮ ಚಿಕಿತ್ಸೆ ಎಂದರೇನು?

ಅಪಘಾತವಾದ ಕ್ಷಣದಿಂದ ವೈದ್ಯರ ಕೈಗೆ ಒಪ್ಪಿಸುವ ತನಕ, ಇದ್ದ ಸಾಧನಗಳಿಂದಲೇ ರೋಗಿಯ ಪ್ರಾಣವನ್ನು ಉಳಿಸಿಕೊಳ್ಳುವುದು ಮತ್ತು ಅವನ ಸ್ಥಿತಿ ಕೆಡದಂತೆ ನೋಡಿಕೊಳ್ಳುವುದೇ ಪ್ರಥಮ ಚಿಕಿತ್ಸೆ. ರೋಗವನ್ನು ಗುಣಪಡಿಸುವುದು ಅದರ ಉದ್ದೇಶವಲ್ಲ. ಆದುದರಿಂದ ಏನು ಮಾಡಬೇಕೆಂಬುದನ್ನು ಅರಿತಷ್ಟೇ ಚೆನ್ನಾಗಿ ಏನು ಮಾಡಕೂಡದೆಂಬುದನ್ನೂ ಅರಿತಿರಬೇಕು. ನಮ್ಮ ಹಳ್ಳಿಗಳಲ್ಲಿ ಸಹಾಯ ಮಾಡುವ ಮನಸ್ಸಿಗೆ ಕೊರತೆಯಿಲ್ಲ. ತಿಳಿಯದೆ ಮಾಡಿದ ಸಹಾಯದಿಂದಲೇ ಎಷ್ಟೋ ಸಲ ಹಾನಿಯಾಗುತ್ತದೆ.

ಈ ವಿದ್ಯೆಯು ಬೆಳೆದುದೂ ಸಾಮಾನ್ಯ ಜನರ ಕೈಯಲ್ಲಿಯೇ. 1859ರ ಜೂನ್ ತಿಂಗಳಲ್ಲಿ ಇಟಲಿಯ ಸೋಲ್ಫೆರಿನೊ ಎಂಬಲ್ಲಿ ಘೋರ ಯುದ್ಧ ನಡೆದಾಗ, ಸಮೀಪದ ಊರಿನ ಹೆಂಗಸರು ಶತ್ರು ಮಿತ್ರರೆಂಬ ಭೇದವಿಲ್ಲದೆ ಗಾಯಾಳುಗಳ ಶುಶ್ರೂಷೆ ಮಾಡಿದರು. ಅವರೊಡನೆ ದುಡಿದ ಹೆನ್ರಿ ಡ್ಯುನಾಂಟ್ ಎಂಬ ವ್ಯಾಪಾರಿಯ ಪ್ರಯತ್ನದಿಂದ ರೆಡ್ ಕ್ರಾಸ್ ಸಂಸ್ಥೆಯು ಹುಟ್ಟಿತು. 1877ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು ಗಣಿ, ರೈಲ್ವೆಗಳ ಕೆಲಸಗಾರರಿಗೂ ಪೊಲೀಸರಿಗೂ ಪ್ರಥಮ ಚಿಕಿತ್ಸೆಯನ್ನು ಪಾಠವಾಗಿ ಕಲಿಸಿತು. ನಮ್ಮ ದೇಶದಲ್ಲಿ 1920ರ ಕಾಯ್ದೆಯಿಂದ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು ಏರ್ಪಟ್ಟಿತು. ಇಂದಿಗೂ ಈ ಎರಡು ಸಂಸ್ಥೆಗಳು ಜನಸಾಮಾನ್ಯರಿಗೆ ತರಬೇತಿ ನೀಡುತ್ತಿವೆ.

ಹಾವು ಕಚ್ಚಿದಾಗ

ಕಬ್ಬಿನ ಗದ್ದೆಯು ಇಲಿಗಳಿಗೆ ಮನೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ರಾತ್ರಿ ವಿದ್ಯುತ್ತು ಬಂದಾಗ ನೀರು ಹಾಯಿಸಲು ಬರಿಗಾಲಿನಲ್ಲಿ ಹೊರಟವರು, ರವದಿ ಎತ್ತುವವರು, ಕಬ್ಬು ಕಡಿಯುವ ಗ್ಯಾಂಗಿನವರು ಮತ್ತು ನೆಲದ ಮೇಲೆ ಮಲಗಿದವರು ಹೆಚ್ಚಾಗಿ ಕಡಿತಕ್ಕೆ ಒಳಗಾಗುತ್ತಾರೆ. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನರು ಮರಣ ಹೊಂದಿದರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಕರ್ನಾಟಕ ಸರಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿತು.

ಹೆಚ್ಚಿನ ಮರಣಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಉಳಿದ ಬಹುಪಾಲು ಹಾವುಗಳಿಗೆ ವಿಷವಿಲ್ಲ. ವಿಷದ ಹಾವು ಕಚ್ಚಿದರೂ ಪ್ರತಿಸಲವೂ ವಿಷ ಸೇರುವುದಿಲ್ಲ. ಮಂತ್ರ ಹಾಕಿಸಿದವರು, ಬೇರು ಅರೆದು ಕುಡಿದವರು ಬದುಕಿಕೊಂಡರೆಂದು ನೀವು ಕೇಳಿರಬಹುದು. ಅವರ ದೇಹಕ್ಕೆ ಮೊದಲೇ ವಿಷ ಸೇರಿರಲಿಲ್ಲ. ಏನೂ ಮಾಡದಿದ್ದರೂ ಅವರು ಬದುಕುತ್ತಿದ್ದರು. ನಿಜವಾಗಿ ವಿಷ ಸೇರಿದವನಿಗೆ ಮಂತ್ರದಲ್ಲಿ ಕಳೆದ ಒಂದು ಗಂಟೆಯೇ ಮೃತ್ಯುವಾಗುತ್ತದೆ. ಇವರಿಬ್ಬರಲ್ಲಿ ಯಾರು ಯಾರೆಂದು ಮನೆಯಲ್ಲಿ ನಿರ್ಧರಿಸಲು ಸಾಧ್ಯವಿಲ್ಲ. ಆದುದರಿಂದ ಪ್ರತಿಯೊಬ್ಬರನ್ನೂ ಆಸ್ಪತ್ರೆಗೆ ಒಯ್ಯತಕ್ಕದ್ದು.

ಉದಾಹರಣೆಗಾಗಿ ಒಂದು ಸಂದರ್ಭವನ್ನು ಭಾವಿಸಿಕೊಳ್ಳಿರಿ. ಸಂಜೆ ಹೊಲದಲ್ಲಿ ಹೆಣ್ಣುಮಗಳೊಬ್ಬಳ ಪಾದಕ್ಕೆ ಹಾವು ಕಚ್ಚಿದೆ. ನೀವು ಸಮೀಪದಲ್ಲಿದ್ದೀರಿ. ಮೊದಲು ಅವಳನ್ನು ಹಾವಿನಿಂದ ದೂರ ಸರಿಸಿ ಮಲಗಿಸಿರಿ. “ತಂಗಿ, ಹೆದರಬೇಡ, ಇದಕ್ಕೆ ಔಷಧವಿದೆ” ಎಂದು ಧೈರ್ಯ ಹೇಳಿರಿ. ಕಾಲುಂಗುರ, ಕಾಲ್ಗೆಜ್ಜೆಗಳನ್ನು ಕೂಡಲೇ ತೆಗೆಯಿರಿ. ಕಾಲು ಬಾತ ಮೇಲೆ ಅವು ಬಿಗಿದು ರಕ್ತಸಂಚಾರವನ್ನು ತಡೆಯುತ್ತವೆ. ಮುರಿದ ಕಾಲಿಗೆ ಕಟ್ಟುವಂತೆ ಒಂದು ದಬ್ಬೆಯನ್ನಿಟ್ಟು ಸಡಿಲವಾಗಿ ಕಟ್ಟಿ, ಕಾಲು ಅಲುಗದಂತೆ ಮಾಡಿರಿ. ನಡೆಸಬೇಡಿರಿ. ಕಚ್ಚಿದ ವೇಳೆಯನ್ನು ನೆನಪಿಡಿರಿ. 108ಕ್ಕೆ ಕರೆ ಮಾಡಿರಿ. ವಾಹನ ತಡವಾಗುವಂತಿದ್ದರೆ ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕುಳ್ಳಿರಿಸಿ, ಹಿಂದಿನವನು ಹಿಡಿದುಕೊಂಡು ಒಯ್ಯಬಹುದು. ಹೊರಡುವ ಮೊದಲು ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಇದೆಯೆಂದು ಆಶಾ ಕಾರ್ಯಕರ್ತೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ಫೋನಿನಲ್ಲಿ ವಿಚಾರಿಸಿದರೆ ದಾರಿ ತಪ್ಪದು.

ಗಾಯವನ್ನು ಕೊಯ್ಯಕೂಡದು, ಬಾಯಿಯಿಂದ ಹೀರಕೂಡದು, ಸುಣ್ಣ, ತಂಬಾಕು, ಮಂಜುಗಡ್ಡೆ ಇಡಕೂಡದು. ಹಗ್ಗದಿಂದ ಬಿಗಿಯಾಗಿ ಕಟ್ಟಲೇಕೂಡದು. ಬಿಗಿದ ಕಟ್ಟಿನಿಂದ ಮಂಡಲದ ವಿಷವು ಒಂದೇ ಕಡೆ ನಿಂತು ಮಾಂಸವನ್ನು ಕೊಳೆಯಿಸುತ್ತದೆ. ಪ್ರಾಣ ಉಳಿದರೂ ಕಾಲು ಹೋಗಬಹುದು. ಹಾವನ್ನು ಕೊಲ್ಲಲು ಬೆನ್ನಟ್ಟಬೇಡಿರಿ. ನಾಲ್ಕಕ್ಕೂ ಚುಚ್ಚುಮದ್ದು ಒಂದೇ.

ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಕಲೆಯೂ ಬಹಳ ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು ಕಂಡರೆ ತಡಮಾಡದೆ ಹೊರಡಿರಿ. ಹೊಲಕ್ಕೆ ಹೋಗುವಾಗ ಬೂಟು, ಕೈಯಲ್ಲಿ ಬ್ಯಾಟರಿ. ಮಲಗುವಾಗ ಮಂಚ ಅಥವಾ ಅಂಚನ್ನು ಹಾಸಿಗೆಯ ಕೆಳಗೆ ಮಡಿಸಿದ ಸೊಳ್ಳೆಪರದೆ, ಇವೇ ಅಗ್ಗದ ರಕ್ಷಣೆ.

ರಕ್ತಸ್ರಾವ ಮತ್ತು ಮುರಿತ

ಕುಡಗೋಲು ತಗುಲಿ ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಡಬೇಡಿರಿ. ನಿಂತಿತೋ ಇಲ್ಲವೋ ಎಂದು ಪದೇ ಪದೇ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಮೇಲೆ ಇನ್ನೊಂದನ್ನಿಟ್ಟು ಒತ್ತಿರಿ. ಅರಿಸಿನ, ಕಾಫಿಪುಡಿ, ತಂಬಾಕು ಹಾಕಬೇಡಿರಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿರಿ. ಯಂತ್ರಕ್ಕೆ ಸಿಕ್ಕಿ ಕೈ ಕತ್ತರಿಸಿ, ಒತ್ತಿದರೂ ರಕ್ತ ನಿಲ್ಲದಿದ್ದಾಗ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ವೇಳೆಯನ್ನು ಬರೆದಿಡಬೇಕು. ಹಾವಿನ ಕಡಿತದಲ್ಲಿ ನಿಷಿದ್ಧವಾದ ಬಿಗಿಕಟ್ಟು ಇಲ್ಲಿ ಪ್ರಾಣರಕ್ಷಕವಾಗುತ್ತದೆ. ಕಾರಣವನ್ನರಿತು ಕಲಿಯಬೇಕೆಂಬುದು ಇದಕ್ಕಾಗಿಯೇ.

ಟ್ರ್ಯಾಕ್ಟರು ಉರುಳಿ ಬಿದ್ದವನ ಕುತ್ತಿಗೆಗೆ, ಬೆನ್ನಿಗೆ ಪೆಟ್ಟಾಗಿರಬಹುದು. ಕೈಕಾಲು ಹಿಡಿದು ಎತ್ತಿ, ಮಡಿಸಿ ಜೀಪಿನೊಳಗೆ ತುರುಕಬೇಡಿರಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಅಲುಗಿಸದೆ ವಾಹನವನ್ನು ಕಾಯಿರಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ ಮತ್ತು ಬೆನ್ನು ಒಂದೇ ಸಾಲಿನಲ್ಲಿರುವಂತೆ ಅಗಲವಾದ ಹಲಗೆಯ ಮೇಲೆ ಮಲಗಿಸಿರಿ.

ಸುಟ್ಟ ಗಾಯ ಮತ್ತು ವಿಷಬಾಧೆ

ಗಾಣದ ಕಡಾಯಿಯ ಕುದಿಹಾಲು, ಮನೆಯ ಸ್ಟವ್ವು, ಯಾವುದರಿಂದ ಸುಟ್ಟರೂ ಮೊದಲ ಔಷಧ ತಣ್ಣೀರು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ನೀರು ಹರಿಯಲಿ. ಬಳೆ, ಉಂಗುರ ತೆಗೆಯಿರಿ. ಅಂಟಿದ ಬಟ್ಟೆಯನ್ನು ಎಳೆಯಬೇಡಿರಿ; ಬೊಬ್ಬೆಯನ್ನು ಒಡೆಯಬೇಡಿರಿ; ತುಪ್ಪ, ಶಾಯಿ, ಟೂತ್‌ಪೇಸ್ಟು ಹಚ್ಚಬೇಡಿರಿ.

ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ತಪ್ಪು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮಗ್ಗುಲಾಗಿ ಮಲಗಿಸಿ, ಔಷಧದ ಡಬ್ಬಿಯೊಡನೆ ಆಸ್ಪತ್ರೆಗೆ ಒಯ್ಯಿರಿ. ಹಸಿ ತಂಬಾಕಿನ ಎಲೆ ಕೀಳುವವರಿಗೆ ಒದ್ದೆ ಬಟ್ಟೆಯ ಮೂಲಕ ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿ ಬರುವುದುಂಟು. ಅವರನ್ನು ನೆರಳಿಗೆ ತಂದು, ಬಟ್ಟೆ ಬದಲಾಯಿಸಿ, ಸಾಬೂನಿನಿಂದ ಮೈ ತೊಳೆಸಿರಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿರಿ.

ಉಸಿರು ನಿಂತಾಗ

ಹೊಳೆಯಲ್ಲಿ ಮುಳುಗುತ್ತಿರುವವನನ್ನು ಕಂಡು ಕೂಡಲೇ ನೀರಿಗೆ ಹಾರಬೇಡಿರಿ. ಹಗ್ಗ, ಬಿದಿರುಗಳು, ಟ್ಯೂಬು ಎಸೆಯಿರಿ. ವಿದ್ಯುತ್ತು ತಗುಲಿದವನನ್ನು ಮುಟ್ಟುವ ಮೊದಲು ಸ್ಟಾರ್ಟರಿನ ಮೂಲ ಸ್ವಿಚ್ಚನ್ನು ಆರಿಸಿರಿ. ಕಡಿದು ಬಿದ್ದ ತಂತಿಯ ಬಳಿಗೆ ಹೋಗದೆ ಹೆಸ್ಕಾಂಗೆ ತಿಳಿಸಿರಿ. ರಕ್ಷಕನೇ ಬಲಿಯಾದರೆ ಇಬ್ಬರ ಹಾನಿ.

ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇರುವವನನ್ನು ಅಂಗಾತ ಮಲಗಿಸಿರಿ. ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಮಡಿಸದೆ, ಎದೆಯು 5ರಿಂದ 6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿರಿ. ಇದು ದೊಡ್ಡವರಿಗೆ ಹೇಳಿದ ಅಳತೆ. ತರಬೇತಿ ಪಡೆದವರು 30 ಸಲ ಒತ್ತಿದ ಮೇಲೆ 2 ಸಲ ಬಾಯಿಯಿಂದ ಉಸಿರು ಕೊಡಬೇಕು. ಮುಳುಗಿದವನಿಗೆ ಉಸಿರು ಕೊಡುವುದೇ ಮೊದಲು. ಹೊಟ್ಟೆಯನ್ನು ಅಮುಕುವುದರಲ್ಲಿ, ತಲೆಕೆಳಗು ಮಾಡಿ ತಿರುಗಿಸುವುದರಲ್ಲಿ ಕಾಲ ಕಳೆಯಕೂಡದು. ಹೃದಯ ನಿಂತ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಅಷ್ಟರಲ್ಲಿ ಯಾವ ವಾಹನವೂ ಬರಲಾರದು. ನಿಮ್ಮ ಕೈಗಳೇ ಅಲ್ಲಿ ಇರುವುದು.

ಸಹಾಯ ಮಾಡುವವರ ಅಂಜಿಕೆ

“ಪೊಲೀಸರು, ಕೋರ್ಟು, ಸಾಕ್ಷಿ ಎಂದು ಅಲೆಯಬೇಕಾದೀತು” ಎಂಬ ಭಯದಿಂದ ಅನೇಕರು ಹಿಂದೆ ಸರಿಯುತ್ತಾರೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯ ಅಪಘಾತದಲ್ಲಿ ಘೋರವಾಗಿ ಗಾಯಗೊಂಡ ಹರೀಶ ನಂಜಪ್ಪ ಎಂಬ ಯುವಕನು ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡುವಂತೆ ಬೇಡಿಕೊಂಡನು. ಅದೇ ವರ್ಷ ರಾಜ್ಯ ಸರಕಾರವು ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ ಅವನ ಹೆಸರಿನಲ್ಲಿ ಯೋಜನೆಯೊಂದನ್ನು ಆರಂಭಿಸಿತು. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ಸಹಾಯಕರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು. ಕರ್ನಾಟಕದ ಪ್ರತ್ಯೇಕ ಕಾಯ್ದೆಯ ಜೊತೆಗೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134-ಎ ಕಲಮು ಕೂಡ ಸದ್ಭಾವನೆಯಿಂದ ನೆರವಾದವರನ್ನು ರಕ್ಷಿಸುತ್ತದೆ. ಹೆಸರು ಹೇಳುವಂತೆಯಾಗಲಿ, ಗಾಯಾಳುವಿನ ಖರ್ಚು ಕೊಡುವಂತೆಯಾಗಲಿ ನಿಮ್ಮನ್ನು ಯಾರೂ ಬಲಾತ್ಕರಿಸುವಂತಿಲ್ಲ.

ಇನ್ನೊಂದು ಅಂಜಿಕೆ ಮನಸ್ಸಿನದು. ಸಹಾಯ ಮಾಡುವಾಗ ಕೈ ನಡುಗುವುದು ಸಹಜ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಸಲ ರೋಗಿಯು ಉಳಿಯುವುದಿಲ್ಲ; ನಂತರ ಹಲವು ದಿನ ನಿದ್ರೆ ಬಾರದಿರಬಹುದು. ಅದು ನಿಮ್ಮ ಸೋಲಲ್ಲ. ಮನೆಯವರೊಡನೆ, ಆರೋಗ್ಯ ಕಾರ್ಯಕರ್ತರೊಡನೆ ಮಾತನಾಡಿರಿ. ಅಭ್ಯಾಸವಿದ್ದ ಕೈ ಕಡಿಮೆ ನಡುಗುತ್ತದೆ. ಎದೆ ಒತ್ತುವುದನ್ನು ಗೊಂಬೆಯ ಮೇಲೆ, ದಬ್ಬೆ ಕಟ್ಟುವುದನ್ನು ಒಬ್ಬರ ಮೇಲೊಬ್ಬರು ಮಾಡಿಯೇ ಕಲಿಯಬೇಕು. ಯುವಕ ಮಂಡಳ, ಸ್ತ್ರೀಶಕ್ತಿ ಸಂಘ, ಶಾಲೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕೇಳಿಕೊಂಡು ಮಳೆಗಾಲಕ್ಕೆ ಮೊದಲೇ ಇಂಥ ತರಬೇತಿಯನ್ನು ಏರ್ಪಡಿಸಿಕೊಳ್ಳಬಹುದು. ಒಂದೊಂದು ಓಣಿಗೆ ಇಬ್ಬರು ಕಲಿತರೂ ಊರಿಗೆ ದೊಡ್ಡ ರಕ್ಷೆ.

ನೆನಪಿನಲ್ಲಿಡಿರಿ

1. ಮೊದಲು ನಿಮ್ಮ ಸುರಕ್ಷತೆ. ಬಳಿಕ ರೋಗಿಯ ಸೇವೆ.
2. 108ಕ್ಕೆ ಕರೆ ಮಾಡಿ, ಊರು, ಹೊಲ, ಗುರುತಿನ ಸ್ಥಳವನ್ನು ಸ್ಪಷ್ಟವಾಗಿ ಹೇಳಿರಿ.
3. ಹಾವು ಕಚ್ಚಿದರೆ: ಅಲುಗಿಸದಿರಿ, ಬಿಗಿಯದಿರಿ, ಕೊಯ್ಯದಿರಿ, ತಡಮಾಡದಿರಿ.
4. ರಕ್ತಕ್ಕೆ ಒತ್ತಡ, ಸುಟ್ಟುದಕ್ಕೆ ತಣ್ಣೀರು, ನಿಂತ ಉಸಿರಿಗೆ ನಿಮ್ಮ ಕೈಗಳು.
5. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನೂ ಹಾಕಬೇಡಿರಿ.

ಚರ್ಚೆಗೆ ಪ್ರಶ್ನೆಗಳು

1. ಹಾವಿನ ಕಡಿತದಲ್ಲಿ ಬಿಗಿಕಟ್ಟು ಏಕೆ ಕೂಡದು? ಯಾವ ಸಂದರ್ಭದಲ್ಲಿ ಅದು ಅವಶ್ಯ?
2. ನಿಮ್ಮ ಊರಿನ ಸೇತುವೆ ಮುಳುಗಿದಾಗ ಆಸ್ಪತ್ರೆಗೆ ಇರುವ ಬೇರೆ ದಾರಿ ಯಾವುದು?
3. ನಿಮ್ಮ ಓಣಿಯಲ್ಲಿ ಪ್ರಥಮ ಚಿಕಿತ್ಸೆ ಕಲಿತವರು ಯಾರಿದ್ದಾರೆ? ಇಲ್ಲದಿದ್ದರೆ ಮೊದಲು ಯಾರು ಕಲಿಯುವಿರಿ?