ಬುರುಡೆಯಿಲ್ಲದ ಏಕತಾರಿ: ‘ಶಬ್ದ’ ಘಟಕಕ್ಕೆ ಕೈಯಿಂದ ಮಾಡಿದ ಎಲೆಕ್ಟ್ರಿಕ್ ವಾದ್ಯ

ಒಂಬತ್ತನೇ ತರಗತಿಯ ‘ಶಬ್ದ’ ಘಟಕವನ್ನು ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಶ್ರುತಿ ಕವೆ, ರಬ್ಬರ್ ಬ್ಯಾಂಡ್, ನೀರು ತುಂಬಿದ ಲೋಟ ಇಷ್ಟರಲ್ಲೇ ಮುಗಿಸುತ್ತೇವೆ. ‘ಕಂಪಿಸುವ ವಸ್ತುಗಳು ಶಬ್ದವನ್ನು ಉಂಟುಮಾಡುತ್ತವೆ’ ಎಂಬ ವಾಕ್ಯ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತದೆ. ಆದರೆ ತಂತಿ ಕಂಪಿಸುವುದು ಒಂದು ಸಂಗತಿ, ಆ ಕಂಪನ ಕೂಟದ ಕೊನೆಯಲ್ಲಿ ಕುಳಿತವನಿಗೂ ಕೇಳುವಂತಾಗುವುದು ಇನ್ನೊಂದು ಸಂಗತಿ ಎಂಬ ವ್ಯತ್ಯಾಸ ಆ ವಾಕ್ಯದಲ್ಲಿಲ್ಲ. ಕೊಡೇಕಲ್‌ನಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಈ ವ್ಯತ್ಯಾಸವನ್ನೇ ಗುರಿಯಾಗಿಟ್ಟುಕೊಂಡು ಎರಡು ಅವಧಿಗಳ ಪಾಠವೊಂದನ್ನು ಯೋಜಿಸಿದೆ. ಬೋಧನೋಪಕರಣ ಒಂದೇ ತಂತಿಯ ಎಲೆಕ್ಟ್ರಿಕ್ ಗಿಟಾರ್.

ಗಿಟಾರ್ ಈ ಊರಿಗೆ ದೂರದ ವಾದ್ಯವೆಂದು ಕಾಣಬಹುದು. ಆದರೆ ಏಕತಾರಿ ದೂರದ್ದಲ್ಲ. ಇದು ಕಾಲಜ್ಞಾನದ ವಚನಗಳ ಕೊಡೇಕಲ್ ಬಸವಣ್ಣನ ಊರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿಯೊಂದಿಗೆ ಹಾಡುವ ಸೀಮೆ. ಭಜನೆಯಲ್ಲಿ ಕೂರುವ ಮನೆಯ ಮಕ್ಕಳಿಗೆ ತಂತಿ ಬಿಗಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ ಎಂಬುದು ಪುಸ್ತಕ ತೆರೆಯುವ ಮೊದಲೇ ಗೊತ್ತಿರುತ್ತದೆ. ಪಾಠಯೋಜನೆಯ ‘ಪೂರ್ವಜ್ಞಾನ’ ಕಾಲಂನಲ್ಲಿ ನಾವು ಬರೆಯುವುದು ಹಿಂದಿನ ತರಗತಿಯ ಪುಸ್ತಕದಲ್ಲಿದ್ದದ್ದನ್ನು ಮಾತ್ರ. ಮನೆಯಿಂದ ಬಂದದ್ದಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ.

ವಾದ್ಯ ಮಾಡಿದ ಬಗೆ ಹೀಗಿದೆ. ಹಳೆಯ ಬಾಗಿಲು ಚೌಕಟ್ಟಿನ ಸಾಗವಾನಿ ತುಂಡು, ಸುಮಾರು ಒಂದು ಗೇಣು ಹೆಚ್ಚುವರಿ ಬಿಟ್ಟು ತಂತಿಗೆ 600 ಮಿ.ಮೀ. ಉದ್ದ ಸಿಗುವಷ್ಟು. ಹಳೆಯ ಮರವೇ ಮೇಲು, ಏಕೆಂದರೆ ಅದು ಒಣಗಿ ವರ್ಷಗಳಾಗಿರುತ್ತವೆ. ಹಸಿ ಹಲಗೆ ಬೇಸಿಗೆಯಲ್ಲಿ ಡೊಂಕಾಗಿ ತಂತಿಯ ಎತ್ತರವನ್ನೇ ಬದಲಿಸುತ್ತದೆ. ಒಂದು ತುದಿಗೆ ಬಿರಡೆ, ಇನ್ನೊಂದು ತುದಿಗೆ ಗಟ್ಟಿ ಮರದ ಕುದುರೆ. ತಂತಿ ಗಿಟಾರಿನ ಅತಿ ಸಣ್ಣ ಉಕ್ಕಿನ ತಂತಿ, 0.25 ಮಿ.ಮೀ. ದಪ್ಪದ್ದು. ಸೈಕಲ್ ಬ್ರೇಕ್ ತಂತಿಯ ಎಳೆ ಬಿಡಿಸಿದರೂ ಬರುತ್ತದೆ, ಆದರೆ ಅದರ ಸುರುಳಿ ಹೋಗುವುದಿಲ್ಲ, ಶ್ರುತಿಯೂ ನಿಲ್ಲುವುದಿಲ್ಲ.

ಮುಖ್ಯ ಭಾಗ ಪಿಕಪ್. ಹೊಲಿಗೆ ಯಂತ್ರದ ಪ್ಲಾಸ್ಟಿಕ್ ಬಾಬಿನ್‌ನ ನಡುವೆ ಕಬ್ಬಿಣದ ಬೋಲ್ಟ್ ತೂರಿಸಿ, ಅದರ ತಳಕ್ಕೆ ಕೆಟ್ಟ ಸ್ಪೀಕರಿನ ಅಯಸ್ಕಾಂತ ಅಂಟಿಸಬೇಕು. ಬಾಬಿನ್ ಮೇಲೆ ಎನಾಮಲ್ ಲೇಪಿತ ತಾಮ್ರದ ತಂತಿಯನ್ನು ಸುತ್ತಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ಈ ಭಾಗದಲ್ಲಿ ಪಂಪ್‌ಸೆಟ್ ಇರುವಲ್ಲೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. ಫ್ಯಾನಿಗೆ ಬಳಸುವ 0.15 ಮಿ.ಮೀ. ತಂತಿ ಅಲ್ಲಿ ತೂಕದ ಮೇಲೆ ಸಿಗುತ್ತದೆ. ಕಾರ್ಖಾನೆಯ ಪಿಕಪ್‌ಗಳಲ್ಲಿ ಸುಮಾರು 0.06 ಮಿ.ಮೀ. ತಂತಿಯ 8,000ದಷ್ಟು ಸುತ್ತುಗಳಿರುತ್ತವೆ. ಅಷ್ಟು ಸಣ್ಣ ತಂತಿ ಕೈಯಲ್ಲಿ ಹಿಡಿದರೆ ಹರಿಯುತ್ತದೆ. ನಮಗೆ 1,500 ಸುತ್ತು ಸಾಕು. ಬಾಬಿನ್ನನ್ನು ಕೈ ಡ್ರಿಲ್ಲಿನ ತುದಿಗೆ ಕಟ್ಟಿ ತಿರುಗಿಸಿದರೆ ಕೆಲಸ ಸುಲಭ: ಹಿಡಿಕೆ ಒಂದು ಸುತ್ತು ತಿರುಗಿದಾಗ ತುದಿ ನಾಲ್ಕು ಸುತ್ತು ತಿರುಗುವ ಡ್ರಿಲ್ ಆದರೆ 375 ಸುತ್ತು ಎಣಿಸಿದರಾಯಿತು. ಗಾಲಿಯ ಹಲ್ಲುಗಳನ್ನು ಎಣಿಸಿ ಈ ನಾಲ್ಕನ್ನು ಕಂಡುಹಿಡಿಯುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಅನುಪಾತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಸುತ್ತಿದ ಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯಬೇಕು. ಇಲ್ಲದಿದ್ದರೆ ಸುರುಳಿಯ ಎಳೆಗಳೇ ಅದುರಿ ಸ್ಪೀಕರ್ ಕೀರಲು ದನಿ ಹೊರಡಿಸುತ್ತದೆ. ಮೇಣವನ್ನು ನೇರ ಒಲೆಯ ಮೇಲೆ ಕಾಯಿಸಲೇಬಾರದು.

ಧ್ವನಿವರ್ಧಕಕ್ಕೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಎಲ್‌ಎಂ386 ಚಿಪ್ಪಿನ ಪುಟ್ಟ ಸರ್ಕ್ಯೂಟ್ ಸಾಕು. ಭಜನಾ ಮಂಡಳಿಯ ಮೈಕ್‌ಸೆಟ್ಟಿಗೂ ಜೋಡಿಸಬಹುದು, ಆದರೆ ಮಕ್ಕಳು ಮುಟ್ಟುವ ವಾದ್ಯಕ್ಕೆ ಬ್ಯಾಟರಿಯೇ ಸರಿ.

ಮೊದಲ ಅವಧಿಯಲ್ಲಿ ಹಲಗೆಯನ್ನೂ ಏಕತಾರಿಯನ್ನೂ ಅಕ್ಕಪಕ್ಕ ಇಟ್ಟೆ. ಧ್ವನಿವರ್ಧಕ ಜೋಡಿಸದೆ ಹಲಗೆಯ ತಂತಿ ಮೀಟಿದಾಗ ಮುಂದಿನ ಸಾಲಿಗಷ್ಟೇ ಕೇಳಿತು. ಏಕತಾರಿ ಕೊನೆಯ ಸಾಲಿಗೂ ಕೇಳಿತು. ಯಾಕೆ ಎಂದು ಕೇಳಿದರೆ ಉತ್ತರ ಹಿಂದಿನ ಬೆಂಚಿನಿಂದ ಬಂತು: ‘ಅದಕ್ಕ ಬುರುಡಿ ಇಲ್ಲಲ್ರಿ ಸರ್.’ ಇದು ಸರಿಯಾದ ಉತ್ತರ. ತೆಳ್ಳನೆಯ ತಂತಿ ಗಾಳಿಯನ್ನು ದೂಡುವುದು ಬಹಳ ಕಡಿಮೆ. ಸೋರೆ ಬುರುಡೆಯೂ ಅದರ ಮುಖದ ಹೊದಿಕೆಯೂ ಒಳಗಿನ ಗಾಳಿಯೂ ಸೇರಿ ಆ ಕಂಪನವನ್ನು ದೊಡ್ಡ ಮೇಲ್ಮೈಯಿಂದ ಹೊರಗೆ ದಾಟಿಸುತ್ತವೆ. ಉತ್ತರ ಕೊಟ್ಟ ಹುಡುಗ ಬರವಣಿಗೆಯಲ್ಲಿ ಹಿಂದುಳಿದವನೆಂದು ಗುರುತಿಸಲ್ಪಟ್ಟವನು. ಆ ದಿನದ ಅವಧಿಯಲ್ಲಿ ಉಳಿದವರು ಅನುಮಾನ ಬಂದಾಗಲೆಲ್ಲ ಅವನ ಕಡೆ ನೋಡುತ್ತಿದ್ದರು.

ನಂತರ ಧ್ವನಿವರ್ಧಕ ಜೋಡಿಸಿದೆ. ಹಲಗೆ ಏಕತಾರಿಗಿಂತ ಜೋರಾಗಿ ನುಡಿಯಿತು. ‘ಒಳಗ ಮೈಕ್ ಅದ ರಿ’ ಎಂದರು ಹಲವರು. ಹಾಗಾದರೆ ಅದರ ಹತ್ತಿರ ಬಾಯಿಟ್ಟು ಕೂಗಿ ನೋಡಿ ಎಂದೆ. ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿದು ಒಬ್ಬೊಬ್ಬರಾಗಿ ಕೂಗಿದರು, ಸ್ಪೀಕರ್ ಸುಮ್ಮನಿತ್ತು. ಇಲ್ಲಿಂದ ಪಾಠ ನಿಜವಾಗಿ ಶುರುವಾಯಿತು. ಉಕ್ಕಿನ ತಂತಿ ಬಿಚ್ಚಿ ಅದೇ ಜಾಗದಲ್ಲಿ ಹಿತ್ತಾಳೆ ತಂತಿ, ಆಮೇಲೆ ನೈಲಾನ್ ಗಾಳದ ದಾರ ಬಿಗಿಯುವೆನೆಂದು ಹೇಳಿ, ಏನಾಗಬಹುದೆಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಸಿದೆ. ನೈಲಾನ್ ನುಡಿಯುವುದಿಲ್ಲ ಎಂದು ಬಹುಮಂದಿ ಬರೆದರು, ಹಿತ್ತಾಳೆ ನುಡಿಯುತ್ತದೆ ಎಂದೂ ಬಹುಮಂದಿ ಬರೆದರು, ಏಕೆಂದರೆ ಅದು ‘ಕರೆಂಟ್ ಹಾಯೋ ಲೋಹ’. ಎರಡೂ ನುಡಿಯಲಿಲ್ಲ. ಹಿತ್ತಾಳೆ ತಂತಿ ಅದುರುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿ ಹತ್ತಿರ ತಂದರೆ ಕೇಳುತ್ತಿತ್ತು, ಸ್ಪೀಕರಿನಲ್ಲಿ ಮಾತ್ರ ಇಲ್ಲ. ಅಯಸ್ಕಾಂತವನ್ನು ಮೂರೂ ತಂತಿಗಳ ಚೂರುಗಳಿಗೆ ಹಿಡಿದು ನೋಡಿದ ಮೇಲೆ ಕಾರಣವನ್ನು ಮಕ್ಕಳೇ ಹೇಳಿದರು.

ಅಯಸ್ಕಾಂತ ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವಾಗಿಸುತ್ತದೆ. ಆ ತಂತಿ ಅದುರಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿದಾಗ ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಪ್ರೇರಣೆಯ ನಿಯಮ ಒಂಬತ್ತನೇ ತರಗತಿಯ ಕಲಿಕಾಂಶವಲ್ಲ ಎಂಬ ಆಕ್ಷೇಪ ಅವಲೋಕನದ ನಂತರದ ಚರ್ಚೆಯಲ್ಲಿ ಬಂತು. ಅದು ನ್ಯಾಯವಾದದ್ದೇ. ನಿಯಮದ ಹೆಸರನ್ನೂ ಸೂತ್ರವನ್ನೂ ನಾನು ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ. ‘ಪಿಕಪ್ ಗಾಳಿಯ ಕಂಪನವನ್ನು ಕೇಳುವುದಿಲ್ಲ, ಉಕ್ಕಿನ ಚಲನೆಯನ್ನು ಗುರುತಿಸುತ್ತದೆ’ ಎಂಬಲ್ಲಿಗೆ ನಿಲ್ಲಿಸಿದೆ. ಅಷ್ಟು ಸಿಕ್ಕರೆ ಮೇಲಿನ ತರಗತಿಯಲ್ಲಿ ನಿಯಮ ಕಲಿಯುವಾಗ ಹಿಡಿದುಕೊಳ್ಳಲು ಒಂದು ಅನುಭವ ಇರುತ್ತದೆ.

ಬುರುಡೆಯಿಲ್ಲದೆ ವಾದ್ಯವೇ ಅಲ್ಲ ಎಂಬ ಮಾತು ಮಕ್ಕಳದಷ್ಟೇ ಅಲ್ಲ. ಅಮೆರಿಕದಲ್ಲಿ ಜಾರ್ಜ್ ಬ್ಯೂಚಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1930ರ ದಶಕದ ಆರಂಭದಲ್ಲಿ ಮಾಡಿದ ಮೊದಲ ಎಲೆಕ್ಟ್ರಿಕ್ ಗಿಟಾರಿಗೆ ಮರದ ಒಡಲೇ ಇರಲಿಲ್ಲ. ಅದು ಅಲ್ಯೂಮಿನಿಯಂ ಎರಕ, ಆಕಾರದಿಂದಾಗಿ ಜನ ಅದನ್ನು ಬಾಣಲೆ ಎಂದೇ ಕರೆದರು. ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚು ದಪ್ಪದ ತುಂಡು ಮರಕ್ಕೆ ತಂತಿ, ಪಿಕಪ್ ಹಾಕಿ ನುಡಿಸಿದಾಗ ಕೇಳುಗರು ಒಪ್ಪಲಿಲ್ಲ. ಮಾಮೂಲಿ ಗಿಟಾರಿನ ಒಡಲನ್ನು ಸೀಳಿ ಎರಡೂ ಬದಿಗೆ ಅಂಟಿಸಿದ ಮೇಲೆ ಒಪ್ಪಿದರು. ಈ ಪ್ರಸಂಗ ಹೇಳಿದಾಗ ತರಗತಿ ನಕ್ಕಿತು. ಬ್ರಯಾನ್ ಮೇ 1963ರಲ್ಲಿ ಹುಡುಗನಾಗಿದ್ದಾಗ ತಂದೆಯೊಂದಿಗೆ ಮನೆಯಲ್ಲೇ ಗಿಟಾರ್ ಮಾಡಲು ತೊಡಗಿದ. ಕತ್ತಿನ ಭಾಗಕ್ಕೆ ಹಳೆಯ ಅಗ್ಗಿಷ್ಟಿಕೆಯ ಮರ, ಗುರುತುಗಳಿಗೆ ಚಿಪ್ಪಿನ ಗುಂಡಿಗಳು. ಅದನ್ನೇ ನುಡಿಸುತ್ತ ಹೆಸರಾದ ಅವರು 2007ರಲ್ಲಿ ಖಭೌತ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು.

ಎರಡನೇ ಅವಧಿ ಲೆಕ್ಕದ್ದು. ವೀಣೆಗೆ ಮೆಟ್ಟಿಲಿರುವಂತೆ ಗಿಟಾರಿಗೆ ಫ್ರೆಟ್ ಇರುತ್ತದೆ. ಲೋಹದ ಫ್ರೆಟ್ ಕೂರಿಸುವುದು ಸಮಯ ತಿನ್ನುವ ಕೆಲಸ. ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆಯ ನೇರಕ್ಕೆ ಸಣ್ಣ ಗಾಜಿನ ಸೀಸೆಯನ್ನು ತಂತಿಗೆ ತಾಗಿಸಿದರೆ ಸಾಕು. ತಂತಿಯ ಅರ್ಧಕ್ಕೆ, ಅಂದರೆ 300 ಮಿ.ಮೀ.ಗೆ ತಾಗಿಸಿದರೆ ಆವೃತ್ತಿ ಇಮ್ಮಡಿ, ಮೇಲಿನ ಷಡ್ಜ. ನಡುವೆ ಹನ್ನೆರಡು ಸ್ವರಸ್ಥಾನಗಳನ್ನು ಹಂಚಿ ಎಂದಾಗ ಎಲ್ಲ ಗುಂಪುಗಳೂ 300 ಅನ್ನು 12ರಿಂದ ಭಾಗಿಸಿ 25 ಮಿ.ಮೀ.ಗೊಂದು ಗೆರೆ ಎಳೆದವು. ನುಡಿಸಿದರೆ ಅಪಸ್ವರ. ಭಜನೆಯ ಹುಡುಗರು ಮುಖ ಕಿವಿಚಿದರು. ಪ್ರತಿ ಹೆಜ್ಜೆಯಲ್ಲೂ ಆವೃತ್ತಿ 1.0595 ಪಟ್ಟು ಏರಬೇಕು. ಹಾಗಾಗಿ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಬೇಕು. ಮೊದಲ ಗೆರೆ 33.7 ಮಿ.ಮೀ.ಗೆ, ಎರಡನೆಯದು ಅಲ್ಲಿಂದ 31.8ಕ್ಕೆ, ಹನ್ನೆರಡನೆಯ ಅಂತರ ಕೇವಲ 17.8. ಗುಣೋತ್ತರ ಶ್ರೇಢಿ ಎಂಬ ಪದ ಹೇಳದೆಯೇ ಅದು ಹಲಗೆಯ ಮೇಲೆ ಕಂಡಿತು.

ಹೊಳಪು ಕೊಡುವ ಕೆಲಸಕ್ಕೆ ಅವಧಿಯ ಸಮಯ ಬಳಸಬೇಡಿ ಎಂಬುದು ನನ್ನ ಸಲಹೆ. 120, 220, 400ನೇ ನಂಬರಿನ ಪಾಲಿಶ್ ಕಾಗದದಿಂದ ಕ್ರಮವಾಗಿ ತಿಕ್ಕಿ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಹಚ್ಚಬೇಕು. ಸ್ಪಿರಿಟ್ ಬೆಂಕಿ ಹಿಡಿಯುವಂಥದ್ದು, ಆವಿಯೂ ಒಳ್ಳೆಯದಲ್ಲ. ಅದನ್ನು ಶಿಕ್ಷಕರು ಬಯಲಿನಲ್ಲಿ ಮಾಡಲಿ, ತಿಕ್ಕುವುದು ಮಾತ್ರ ಮಕ್ಕಳಿಗಿರಲಿ. ಬಡಿಗರ ಮನೆಯ ಹುಡುಗಿಯೊಬ್ಬಳು ಮರದ ಎಳೆಯ ಗುಂಟ ತಿಕ್ಕಬೇಕು, ಅಡ್ಡ ತಿಕ್ಕಿದರೆ ಗೀರು ಉಳಿಯುತ್ತದೆಂದು ಉಳಿದವರಿಗೆ ತೋರಿಸಿಕೊಟ್ಟಳು. ಪಾಲಿಶ್‌ನಿಂದ ದನಿ ಬದಲಾಗುವುದೇ ಎಂಬುದು ಗಿಟಾರ್ ಮಾಡುವವರ ನಡುವೆ ಮುಗಿಯದ ಜಗಳ. ನಮ್ಮ ಹಲಗೆಯಲ್ಲಿ ಹಚ್ಚುವ ಮೊದಲು, ಹಚ್ಚಿದ ಮೇಲೆ ನನಗೂ ಮಕ್ಕಳಿಗೂ ವ್ಯತ್ಯಾಸ ಕೇಳಲಿಲ್ಲ. ಬೆವರು, ತೇವದಿಂದ ಮರ ಉಳಿಯುವುದು ಅದರ ಖಚಿತ ಲಾಭ.

ಮೌಲ್ಯಮಾಪನಕ್ಕೆ ‘ಶಬ್ದ ಎಂದರೇನು?’ ಎಂದು ಕೇಳುವ ಬದಲು ಹೀಗೆ ಕೇಳಿದೆ: ಪಿಕಪ್ ಮೇಲೆ ಹಿತ್ತಾಳೆ ತಂತಿ ಮೀಟಿದಾಗ ಶಬ್ದ ಹುಟ್ಟಿತೇ, ಇಲ್ಲವೇ? ‘ಸ್ಪೀಕರ್ ಮಾತಾಡಲಿಲ್ಲ, ಅದಕ್ಕೆ ಹುಟ್ಟಲಿಲ್ಲ’ ಎಂದು ಬರೆದವರಿಗೆ ಪಾಠ ಇನ್ನೂ ಆಗಿಲ್ಲ. ‘ಹುಟ್ಟಿತು, ಸ್ಪೀಕರಿಗೆ ಗೊತ್ತಾಗಲಿಲ್ಲ’ ಎಂದವರಿಗೆ ಆಗಿದೆ. ಈ ಪ್ರಶ್ನೆಯನ್ನು ಬರೆದೂ ಹೇಳಿಯೂ ಉತ್ತರಿಸಲು ಬಿಡುವುದು ಒಳ್ಳೆಯದು. ಬುರುಡೆಯ ಉತ್ತರ ಕೊಟ್ಟ ಹುಡುಗ ಹಾಳೆಯಲ್ಲಿ ಅರ್ಧ ಸಾಲು ಬರೆದಿದ್ದ. ಎದ್ದು ನಿಂತು ಪೂರ್ತಿ ಹೇಳಿದ.

ಪಿಕಪ್ಪನ್ನು ಕುದುರೆಯ ಹತ್ತಿರ ಸರಿಸಿದರೆ ದನಿ ಯಾಕೆ ಚೂಪಾಗುತ್ತದೆ ಎಂಬ ಪ್ರಶ್ನೆ ಕೊನೆಗೆ ಬಂತು. ಕುದುರೆಯ ಬಳಿ ತಂತಿಯ ಮೂಲ ಕಂಪನದ ತೊನೆದಾಟ ಕಡಿಮೆ, ಅದಕ್ಕೆ ಹೋಲಿಸಿದರೆ ಮೇಲಿನ ಉಪಸ್ವರಗಳ ಪಾಲು ಹೆಚ್ಚು. ಪಿಕಪ್ಪನ್ನು ಸ್ಕ್ರೂನಿಂದ ಬಿಗಿಯದೆ ಎರಡು ಬದಿ ಅಂಟಿನ ಟೇಪಿನಲ್ಲಿ ಇಟ್ಟರೆ ಮುಂದಿನ ಅವಧಿಗೆ ಅದನ್ನೇ ಜಾಗ ಬದಲಿಸಿ ತೋರಿಸಬಹುದು.