ಕುದಿಯುವ ನೀರಿಗೆ ಉರಿ ಹೆಚ್ಚಿಸಿದರೆ ಲಾಭವೇನು?



ಕಾಲುವೆಯ ಬದು ಒಡೆದು ನೀರು ಪೋಲಾದರೆ ನೀವು ಕೂಡಲೆ ಗುದ್ದಲಿ ಹಿಡಿದು ಓಡುತ್ತೀರಿ. ಆದರೆ ಅಡಿಗೆ ಮನೆಯಲ್ಲಿ ದಿನವೂ ಪೋಲಾಗುವ ಬೆಂಕಿಯನ್ನು ಯಾರೂ ಗಮನಿಸುವುದಿಲ್ಲ. ಸೌದೆ ತಂದು ಒಡೆಯುವ ಶ್ರಮ ನಿಮ್ಮದು. ಒಲೆಯ ಮುಂದೆ ಕುಳಿತು ಹೊಗೆ ಕುಡಿಯುವ ಕಷ್ಟ ಮನೆಯ ಹೆಂಗಸರದು. ಗ್ಯಾಸ್ ಉರಿಸುವವರಿಗೆ ಹಣದ ಖರ್ಚು. ನೀರು ಹೇಗೆ ಆವಿಯಾಗುತ್ತದೆ, ಹೇಗೆ ಕುದಿಯುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಆವಿಯಾಗುವುದು ಬೇರೆ, ಕುದಿಯುವುದು ಬೇರೆ

ನೀರು ಆವಿಯಾಗಲು ಒಲೆಯೇ ಬೇಕೆಂದಿಲ್ಲ. ಒಗೆದು ಹರವಿದ ಬಟ್ಟೆ ನೆರಳಿನಲ್ಲಿಯೂ ಒಣಗುತ್ತದೆ. ನೀರಿನ ಮೇಲ್ಮೈಯಿಂದ ಅದರ ಅತಿ ಸೂಕ್ಷ್ಮ ಕಣಗಳು ಸದಾ ಗಾಳಿಗೆ ಹಾರಿಹೋಗುತ್ತಿರುತ್ತವೆ. ಬಿಸಿ ಹೆಚ್ಚಿದಷ್ಟೂ, ಗಾಳಿ ಬೀಸಿದಷ್ಟೂ, ಪಾತ್ರೆಯ ಬಾಯಿ ಅಗಲವಾದಷ್ಟೂ ಇದು ಬೇಗ ನಡೆಯುತ್ತದೆ.

ಹೀಗೆ ಹೋಗುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ, ಶಾಖವನ್ನೂ ಹೊತ್ತೊಯ್ಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಇದರಿಂದಲೇ. ಗಡಿಗೆಯ ಹೊರಮೈಗೆ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಡಿಗೆಯಲ್ಲಿ ನಮಗೆ ಉಪಕಾರ ಮಾಡುವ ಈ ಗುಣವೇ ಒಲೆಯ ಮೇಲೆ ನಷ್ಟಕ್ಕೆ ಕಾರಣವಾಗುತ್ತದೆ.

ಒಲೆಯ ಮೇಲೆ ನಡೆಯುವುದೇನು?

ಎಸರಿಟ್ಟಾಗ ಮೊದಲು ಪಾತ್ರೆಯ ಒಳಮೈಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಇವು ನೀರಿನಲ್ಲಿ ಕರಗಿದ್ದ ಗಾಳಿ, ಇದು ಕುದಿಯಲ್ಲ. ಬಿಸಿ ಏರಿದಂತೆ ತಳದಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಮೇಲಿನ ನೀರು ಇನ್ನೂ ಅಷ್ಟು ಬಿಸಿಯಾಗಿಲ್ಲದ ಕಾರಣ ಅವು ನಡುವೆಯೇ ಕುಗ್ಗಿ ಒಡೆಯುತ್ತವೆ. ಎಸರಿನಿಂದ ಬರುವ ಸುಂಯ್ ಎಂಬ ಸದ್ದು ಇದೇ. ಕಡೆಗೆ ಗುಳ್ಳೆಗಳು ಮೇಲಿನವರೆಗೂ ಬಂದು ನೀರೆಲ್ಲ ಮರಳತೊಡಗುತ್ತದೆ. ಇದೇ ಕುದಿ.

ಸಮುದ್ರದ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗುವುದರಿಂದ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇದು ಇಳಿಯುತ್ತದೆ. ಮಂಗಳೂರಿನ ಕಡಲ ತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ.

ಮುಖ್ಯವಾದ ಮಾತು ಈಗ ಬಂತು. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿ ಬಂದ ಮೇಲೆ ನೀವು ಎಷ್ಟು ಉರಿ ಹಾಕಿದರೂ ಅದರ ಬಿಸಿ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಕೊತಕೊತ ಕುದಿಯುವ ನೀರಿನಷ್ಟೇ ಬಿಸಿ ಮೆಲ್ಲಗೆ ಕುದಿಯುವ ನೀರಿಗೂ ಇದೆ. ಬೇಳೆ ಬೇಯುವುದು ನೀರಿನ ಬಿಸಿಯಿಂದಲೇ ಹೊರತು ಅದರ ಗದ್ದಲದಿಂದಲ್ಲ.

ನಷ್ಟದ ಲೆಕ್ಕ

ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖವನ್ನು ಒಂದು ಪಾಲು ಎಂದುಕೊಳ್ಳೋಣ. 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು 75 ಪಾಲು ಸಾಕು. ಆದರೆ ಅದೇ ನೀರನ್ನು ಪೂರ್ತಿಯಾಗಿ ಆವಿ ಮಾಡಲು ಇನ್ನೂ 540 ಪಾಲು ಬೇಕು, ಎಂದರೆ ಏಳು ಪಟ್ಟಿಗಿಂತಲೂ ಹೆಚ್ಚು! ಮುಚ್ಚಳವಿಲ್ಲದ ಪಾತ್ರೆಯಿಂದ ಕಾಲು ಲೀಟರ್ ನೀರು ಆವಿಯಾಗಿ ಹೋದರೆ, ಹತ್ತಿರ ಹತ್ತಿರ ಎರಡು ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು ಶಾಖ ಗಾಳಿಗೆ ಹೋಯಿತೆಂದು ತಿಳಿಯಿರಿ.

ಈ ಮಾತನ್ನು ನಂಬಬೇಡಿ, ಪರೀಕ್ಷಿಸಿ ನೋಡಿ. ಒಂದು ದಿನ ಅಳೆದ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ದೊಡ್ಡ ಉರಿಯಲ್ಲಿ ಬೇಯಿಸಿ. ಮಾರನೆಯ ದಿನ ಅದೇ ಬೇಳೆ, ಅದೇ ಅಳತೆ. ಕುದಿ ಬಂದ ಕೂಡಲೆ ಒಂದೆರಡು ಕೊಳ್ಳಿ ಹಿಂದಕ್ಕೆಳೆದು ಪಾತ್ರೆಗೆ ಮುಚ್ಚಳವಿಡಿ. ಎರಡು ದಿನವೂ ಸೌದೆಯನ್ನು ತೂಗಿ, ಹೊತ್ತನ್ನು ಗುರುತು ಮಾಡಿಕೊಳ್ಳಿ. ಬೇಯುವ ಹೊತ್ತು ಹೆಚ್ಚು ಕಡಮೆ ಒಂದೇ. ಸೌದೆಯ ತೂಕ ಮಾತ್ರ ಬೇರೆ.

ಪ್ರೆಷರ್ ಕುಕ್ಕರಿನಲ್ಲಿ ಬೇಗ ಬೇಯುವುದೇಕೆ ಎಂದು ಕೇಳಬಹುದು. ಅದರಲ್ಲಿ ಆವಿ ಹೊರಗೆ ಹೋಗಲಾರದೆ ಒತ್ತಡ ಏರುತ್ತದೆ. ಆದ್ದರಿಂದ ನೀರು ಸುಮಾರು 120 ಡಿಗ್ರಿಯವರೆಗೂ ಬಿಸಿಯಾಗುತ್ತದೆ. ಕೂಗು ಬರತೊಡಗಿದ ಮೇಲೆ ಅಲ್ಲಿಯೂ ಉರಿಯನ್ನು ಇಳಿಸಬೇಕು.

ಕುಡಿಯುವ ನೀರು

ಮಳೆಗಾಲದಲ್ಲಿ ವಾಂತಿ ಭೇದಿ ಹರಡುವುದು ಹೊಲಸು ನೀರಿನಿಂದ. ರೋಗಾಣುಗಳನ್ನು ಕೊಲ್ಲಲು ನೀರನ್ನು ಅರ್ಧ ಗಂಟೆ ಕಾಯಿಸಬೇಕಾಗಿಲ್ಲ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಆದರೆ ಬರಿಯ ಹಬೆ ಕಂಡಿತೆಂದೋ, ಸಣ್ಣ ಗುಳ್ಳೆ ಬಂತೆಂದೋ ಇಳಿಸಬಾರದು. ಕೆಸರು ನೀರಾದರೆ ಮೊದಲು ಶುಭ್ರವಾದ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕುದಿಸಿದ ನೀರನ್ನು ಮುಚ್ಚಿಯೇ ಆರಿಸಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ.

ಒಂದು ಎಚ್ಚರಿಕೆ. ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಲವಣಗಳು ಪಾತ್ರೆಯಲ್ಲೇ ಉಳಿಯುತ್ತವೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರ ನೀರಿನಲ್ಲಿದ್ದ ಸುಣ್ಣದ ಅಂಶವೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಾಗಿದೆ. ಇದು ಕುದಿಸಿದರೆ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದರ ಅಂಶ ಹೆಚ್ಚುತ್ತದೆ. ಅಂಥ ಊರುಗಳಲ್ಲಿ ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲು ಮತ್ತು ಅಡಿಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು.

ನೆನಪಿಡಬೇಕಾದ ಮಾತುಗಳು

1. ಎಸರಿಟ್ಟ ಕೂಡಲೆ ಪಾತ್ರೆಗೆ ಮುಚ್ಚಳವಿಡಿ. ಬಚ್ಚಲ ಹಂಡೆಗೂ ಮುಚ್ಚಳವಿರಲಿ.

2. ಕುದಿ ಬಂದ ಮೇಲೆ ಉರಿ ಇಳಿಸಿ. ಮೆಲ್ಲಗೆ ಕುದಿಯುತ್ತಿದ್ದರೆ ಸಾಕು.

3. ಬೇಳೆ ಕಾಳುಗಳನ್ನು ಮೊದಲೇ ನೆನೆಹಾಕಿ, ಬೇಕಾದಷ್ಟೇ ನೀರಿಡಿ.

4. ಕುಡಿಯುವ ನೀರನ್ನು ಮರಳಿದ ಮೇಲೆ ಒಂದು ನಿಮಿಷ ಕುದಿಸಿ.

5. ಮುಚ್ಚಳ ತೆಗೆಯುವಾಗ ಹಬೆ ಮುಖದ ಕಡೆ ಬಾರದಂತೆ ಆಚೆ ಓರೆಮಾಡಿ. ಆವಿ ತಾನು ಹೊತ್ತ ಶಾಖವನ್ನೆಲ್ಲ ಚರ್ಮದ ಮೇಲೆ ಇಳಿಸುವುದರಿಂದ ಅದರ ಸುಟ್ಟಗಾಯ ಬಿಸಿನೀರಿನದಕ್ಕಿಂತ ಕೆಟ್ಟದ್ದು.

ಇದಕ್ಕೆ ಹೊಸ ಸಲಕರಣೆಯಾಗಲಿ ಸಾಲವಾಗಲಿ ಬೇಕಿಲ್ಲ. ಬೇಕಾದದ್ದು ಒಂದು ಮುಚ್ಚಳ ಮತ್ತು ಉರಿಯ ಮೇಲೆ ಒಂದು ಕಣ್ಣು. ಇಂದೇ ಮನೆಯವರೊಡನೆ ಮಾತನಾಡಿ, ಪ್ರಾರಂಭಿಸಿ.