ಇಂಗಿನ ಡಬ್ಬಿಯನ್ನೂ ಓದಿರಿ

ರಜೆಗೆಂದು ಬಂದಿರುವ ತಂಗಿಯ ಮಗನಿಗೆ ಸೀಲಿಯಾಕ್ ವ್ಯಾಧಿಯಿರುವುದನ್ನು ಬಲ್ಲ ಗೃಹಿಣಿಯು ಉಪ್ಪಿಟ್ಟು, ಚಪಾತಿ, ಶ್ಯಾವಿಗೆಗಳನ್ನು ವರ್ಜಿಸಿ ಅನ್ನ ಸಾರನ್ನೇ ಬಡಿಸಿದರೂ, ಸಂಜೆಗೆ ಆ ಹುಡುಗನು ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡಿ ಕುಳಿತನೆಂದರೆ, ಒಗ್ಗರಣೆಗೆ ಹಾಕಿದ ಇಂಗಿನ ಡಬ್ಬಿಯನ್ನೊಮ್ಮೆ ತಿರುಗಿಸಿ ಓದುವುದು ಲೇಸು. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಚಪಾತಿಯ ಮಣೆಯ ಮೇಲೆಯೇ ಲಟ್ಟಿಸಿದ ಅಕ್ಕಿರೊಟ್ಟಿಯೂ ಅಷ್ಟೇ ಅಪರಾಧಿ.

ಈ ವ್ಯಾಧಿಗೂ ಗೋಧಿಗೂ ಇರುವ ನಂಟನ್ನು ಹಾಲೆಂಡಿನ ಶಿಶುವೈದ್ಯ ವಿಲ್ಲೆಮ್ ಡಿಕೆಯವರು 1950ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಆದರೂ ಒಂದು ತುತ್ತಿಗೆ ಏನಾದೀತು ಎನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಅಕ್ಕರೆಯನ್ನು ನಾನು ಗೌರವಿಸುತ್ತೇನೆ, ಆ ತುತ್ತನ್ನಲ್ಲ.

ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಒಮ್ಮೆ ಒಳಹೊಕ್ಕ ಮೇಲೆ ಅದನ್ನು ಹೊರದೂಡುವ ಔಷಧವಿಲ್ಲವಾದ್ದರಿಂದ, ಮಗುವನ್ನು ಗದರಿಸದೆ, ಬಲವಂತದಿಂದ ಉಣಿಸದೆ, ಮಲಗಿಸಿ, ಗುಟುಕು ಗುಟುಕಾಗಿ ನೀರನ್ನು, ವಾಂತಿಭೇದಿಗಳಿದ್ದರೆ ಓಆರ್‌ಎಸ್ ದ್ರಾವಣವನ್ನು, ಹಸಿವೆಂದರೆ ತೆಳ್ಳನೆಯ ಅಕ್ಕಿಗಂಜಿಯನ್ನು ಕೊಟ್ಟು, ತಂಗಿಗೆ ಸಂಕೋಚಪಡದೆ ಫೋನ್ ಮಾಡಿ, ಅವನು ತಿಂದುದನ್ನೆಲ್ಲ ಒಪ್ಪಿಸಿಬಿಡಿರಿ. ವಾಂತಿ ನಿಲ್ಲದಿದ್ದರೆ, ಮೂತ್ರ ಕಡಮೆಯಾದರೆ, ಮಂಪರು ಕವಿದರೆ, ನೋವು ಹೊಟ್ಟೆಯ ಬಲಭಾಗದಲ್ಲಿಯೇ ನೆಲಸಿದರೆ, ಎಲ್ಲವನ್ನೂ ಗೋಧಿಯ ತಲೆಗೆ ಕಟ್ಟದೆ ಒಡನೆಯೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.